ಕೆಪಿಎಂಇ ತಪಾಸಣೆಗೆ ಸಣ್ಣ ಕ್ಲಿನಿಕ್ ಸಜ್ಜಾಗುವುದು ಹೇಗೆ: ಬೋರ್ಡಿನಿಂದ ಕಸದ ಚೀಲದವರೆಗೆ

"ಡಿಎಚ್‌ಒ ಕಚೇರಿಯಿಂದ ತಪಾಸಣೆಗೆ ಬರುತ್ತಾರಂತೆ, ಏನೇನು ನೋಡುತ್ತಾರೆ?" ಒಂದೆರಡು ಕೋಣೆಯಲ್ಲಿ ಕ್ಲಿನಿಕ್ ನಡೆಸುವ ಕುಟುಂಬ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಕ್ವಾಲಿಟಿ ವಿಭಾಗ ಇರುತ್ತದೆ. ನಿಮ್ಮಲ್ಲಿ ಇರುವುದು ನೀವು, ಒಬ್ಬ ಸಿಸ್ಟರ್ ಅಥವಾ ಕಾಂಪೌಂಡರ್, ಕಸ ಗುಡಿಸುವ ಒಬ್ಬರು. ಅಷ್ಟೇ ಜನ ಸೇರಿ ಮಾಡಬಹುದಾದ ಕೆಲಸವನ್ನು ಮಾತ್ರ ಇಲ್ಲಿ ಹೇಳಿದ್ದೇವೆ.

ಮೊದಲು ಹಿನ್ನೆಲೆ, ಚುಟುಕಾಗಿ. ಕೆಪಿಎಂಇ ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಈ ಕಾಯ್ದೆಯಡಿ ನೋಂದಣಿ ಇಲ್ಲದೆ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ ನಡೆಸುವಂತಿಲ್ಲ. 2017ರ ತಿದ್ದುಪಡಿಯ ನಂತರ ಜಿಲ್ಲೆಯ ನೋಂದಣಿ ಪ್ರಾಧಿಕಾರವೇ ದೂರುಗಳನ್ನೂ ಆಲಿಸುತ್ತದೆ. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ನೋಂದಣಿಯ ಅವಧಿ 5 ವರ್ಷ. ಹೊಸ ಅರ್ಜಿ ಹಾಕಿದಾಗ, ನವೀಕರಣದ ಸಮಯದಲ್ಲಿ, ಇಲ್ಲವೇ ಯಾರಾದರೂ ದೂರು ಕೊಟ್ಟಾಗ ತಪಾಸಣೆ ನಡೆಯುತ್ತದೆ. ದೂರಿನ ಮೇಲೆ ಬರುವವರು ಮುಂಚಿತವಾಗಿ ತಿಳಿಸಿ ಬರಬೇಕೆಂದೇನೂ ಇಲ್ಲ.

ಕ್ಲಿನಿಕ್‌ಗಳು ಎಡವುವುದು ಬಹುಪಾಲು ಒಂದೇ ಕಾರಣಕ್ಕೆ. ಅರ್ಜಿಯಲ್ಲಿ ಬರೆದದ್ದು ಒಂದು, ಫೈಲಿನಲ್ಲಿರುವುದು ಇನ್ನೊಂದು, ಕೋಣೆಯಲ್ಲಿ ಕಾಣುವುದು ಮತ್ತೊಂದು. ಮೂರೂ ಒಂದೇ ಮಾತು ಹೇಳುವಂತೆ ಮಾಡುವುದೇ ತಯಾರಿ. ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಕೆಲವು ದಾಖಲೆಗಳು ಬೇರೆ ಇಲಾಖೆಗಳಿಂದ ಬರಬೇಕಾಗುತ್ತದೆ, ಕೆಲವು ರಿಜಿಸ್ಟರ್‌ಗಳಿಗೆ ದಿನದಿನವೂ ತುಂಬಿದ ಇತಿಹಾಸ ಬೇಕಾಗುತ್ತದೆ.

ಹಂತ 1: ನೀವು ಕೊಟ್ಟ ಅರ್ಜಿಯನ್ನು ನೀವೇ ಓದಿ

ಕೆಪಿಎಂಇ ಪೋರ್ಟಲ್‌ಗೆ ಲಾಗಿನ್ ಆಗಿ ಹಳೆಯ ಅರ್ಜಿಯನ್ನು ಮುದ್ರಿಸಿಕೊಳ್ಳಿ. ಎಷ್ಟೋ ವೈದ್ಯರು ಅರ್ಜಿ ಹಾಕುವ ಕೆಲಸವನ್ನು ಏಜೆಂಟರಿಗೆ ಒಪ್ಪಿಸಿರುತ್ತಾರೆ. ಆಗ ಮೊಬೈಲ್ ಸಂಖ್ಯೆ ಏಜೆಂಟರದ್ದಾಗಿದ್ದರೆ ಇಲಾಖೆಯ ಸಂದೇಶ, ಒಟಿಪಿ ಎಲ್ಲ ಅವರಿಗೇ ಹೋಗುತ್ತವೆ. ನೋಟಿಸ್ ಬಂದದ್ದೂ ನಿಮಗೆ ತಿಳಿಯುವುದಿಲ್ಲ. ಮೊದಲು ಅದನ್ನು ನಿಮ್ಮ ಸಂಖ್ಯೆಗೆ ಬದಲಿಸಿ.

ನಂತರ ನೋಡಬೇಕಾದದ್ದು ವರ್ಗ. ನೀವು ನೋಂದಾಯಿಸಿದ್ದು ಬರೀ ಸಮಾಲೋಚನೆಯ ಕ್ಲಿನಿಕ್ಕೋ, ಔಷಧಿ ಕೊಡುವ ಕ್ಲಿನಿಕ್ಕೋ, ರೋಗಿಯನ್ನು ಸ್ವಲ್ಪ ಹೊತ್ತು ಮಲಗಿಸಿ ನೋಡಿಕೊಳ್ಳುವ ವ್ಯವಸ್ಥೆ ಇರುವುದೋ, ಲ್ಯಾಬ್ ಪರೀಕ್ಷೆಯೂ ಇರುವುದೋ? "ಸಮಾಲೋಚನೆ ಮಾತ್ರ" ಎಂದು ಬರೆದು ಒಳಕೋಣೆಯಲ್ಲಿ ಎರಡು ಮಂಚ, ಡ್ರಿಪ್ ಸ್ಟ್ಯಾಂಡ್ ಇಟ್ಟಿದ್ದರೆ ತಪಾಸಣೆಗೆ ಬಂದವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಗ್ಲೂಕೋಸ್ ಹಾಕುತ್ತೀರಿ ಎಂದಾದರೆ ವರ್ಗವನ್ನು ತಿದ್ದುಪಡಿ ಮಾಡಿಸಿ, ಇಲ್ಲವಾದರೆ ಸ್ಟ್ಯಾಂಡ್ ತೆಗೆಯಿರಿ. ನಡುವಿನ ದಾರಿ ಇಲ್ಲ. ಸಾದಾ ಜ್ವರಕ್ಕೂ ಡ್ರಿಪ್ ಹಾಕುವ ರೂಢಿಯನ್ನು ಬಿಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಇನ್ನೊಂದು ಸೂಕ್ಷ್ಮ ವಿಷಯ ಚಿಕಿತ್ಸಾ ಪದ್ಧತಿ. ಅಲೋಪಥಿ, ಆಯುರ್ವೇದ, ಹೋಮಿಯೋಪಥಿ, ಯುನಾನಿ ಪೈಕಿ ಯಾವುದಕ್ಕೆ ನೋಂದಣಿಯಾಗಿದೆಯೋ ಕಪಾಟಿನಲ್ಲಿ ಕಾಣುವ ಔಷಧಿಗಳೂ ಅದಕ್ಕೇ ಹೊಂದಬೇಕು. ಸಂಜೆ ಬೇರೊಬ್ಬ ತಜ್ಞರು ಬಂದು ಕೂರುತ್ತಿದ್ದರೆ ಅವರ ಹೆಸರೂ ನೋಂದಣಿ ಸಂಖ್ಯೆಯೂ ಅರ್ಜಿಯಲ್ಲಿ ಇರಲೇಬೇಕು.

ಅಲ್ಟ್ರಾಸೌಂಡ್ ಯಂತ್ರವಿದ್ದರೆ ಈ ಲೇಖನ ಸಾಲದು. ಅದಕ್ಕೆ ಪಿಸಿಪಿಎನ್‌ಡಿಟಿ ಕಾಯ್ದೆ, 1994ರಡಿ (ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ) ಪ್ರತ್ಯೇಕ ನೋಂದಣಿ, ಫಾರಂ ಎಫ್, ಪ್ರತ್ಯೇಕ ಫಲಕ ಎಲ್ಲ ಬೇಕು. ಎಕ್ಸ್‌ರೇಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಕೆಟ್ಟು ಮೂಲೆಯಲ್ಲಿ ಬಿದ್ದಿರುವ ಹಳೆಯ ಸ್ಕ್ಯಾನಿಂಗ್ ಯಂತ್ರಕ್ಕೂ ಲೆಕ್ಕ ಕೊಡಬೇಕಾಗುತ್ತದೆ ಎಂಬುದು ನೆನಪಿರಲಿ.

ಹಂತ 2: ಒಂದೇ ಫೈಲು

ಒಂದು ಬಾಕ್ಸ್ ಫೈಲಿನಲ್ಲಿ ಇವೆಲ್ಲ ಇರಲಿ:

- ಕೆಪಿಎಂಇ ಪ್ರಮಾಣಪತ್ರ
- ಪ್ರತಿ ವೈದ್ಯರ ಪದವಿ ಪ್ರಮಾಣಪತ್ರ, ಕರ್ನಾಟಕ ವೈದ್ಯಕೀಯ ಪರಿಷತ್ತಿನ (ಕೆಎಂಸಿ) ಇಲ್ಲವೇ ಸಂಬಂಧಪಟ್ಟ ಆಯುಷ್ ಮಂಡಳಿಯ ನೋಂದಣಿ
- ಸಿಬ್ಬಂದಿಯ ಪಟ್ಟಿ, ವಿದ್ಯಾರ್ಹತೆ, ನರ್ಸ್ ಇದ್ದರೆ ನರ್ಸಿಂಗ್ ಪರಿಷತ್ತಿನ ನೋಂದಣಿ
- ಬಾಡಿಗೆ ಕರಾರು ಅಥವಾ ಕಟ್ಟಡದ ದಾಖಲೆ
- ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ವೈದ್ಯಕೀಯ ತ್ಯಾಜ್ಯ ಅನುಮತಿ
- ತ್ಯಾಜ್ಯ ಒಯ್ಯುವ ಸಾಮಾನ್ಯ ಸಂಸ್ಕರಣಾ ಘಟಕದೊಂದಿಗೆ ಮಾಡಿಕೊಂಡ ಒಪ್ಪಂದ, ಇತ್ತೀಚಿನ ರಸೀದಿಗಳು
- ಅಗ್ನಿಶಾಮಕ ಸಿಲಿಂಡರ್ ತುಂಬಿಸಿದ ಬಿಲ್ಲು
- ಔಷಧಿ ಖರೀದಿ ಬಿಲ್ಲುಗಳು

ಇಲ್ಲಿ ಹೆಚ್ಚಾಗಿ ತಪ್ಪುವುದು ಎರಡು ಕಡೆ. ಒಂದು, ವೈದ್ಯರ ಸ್ವಂತ ನೋಂದಣಿಯ ನವೀಕರಣ. ಕೆಎಂಸಿ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಸಿಎಂಇ (ನಿರಂತರ ವೈದ್ಯಕೀಯ ಶಿಕ್ಷಣ) ಅಂಕಗಳು ಬೇಕು. ಕಾನ್ಫರೆನ್ಸ್ ಪ್ರಮಾಣಪತ್ರಗಳನ್ನು ಕೊನೆಯ ವರ್ಷದಲ್ಲಿ ಹುಡುಕತೊಡಗಿದರೆ ಸಿಗುವುದಿಲ್ಲ. ಎರಡು, ತ್ಯಾಜ್ಯದ ಒಪ್ಪಂದ. ಮಂಡಳಿಯ ಅನುಮತಿ ಹಾಸಿಗೆ ಇಲ್ಲದ ಕ್ಲಿನಿಕ್‌ಗಳಿಗೆ ಒಂದೇ ಸಲ ಪಡೆಯುವಂಥದ್ದು. ಆದರೆ ಘಟಕದೊಂದಿಗಿನ ಒಪ್ಪಂದಕ್ಕೆ ಅವಧಿ ಇದೆ. ಅನುಮತಿ ಇದೆಯಲ್ಲ ಎಂದು ನಿಶ್ಚಿಂತರಾಗಿದ್ದವರ ಒಪ್ಪಂದ ಮುಗಿದು ತಿಂಗಳುಗಳೇ ಕಳೆದಿರುತ್ತವೆ.

ನಿಮ್ಮ ರೋಗಿಗಳಿಗೆ ನೀವೇ ಔಷಧಿ ಕೊಡಲು ಔಷಧ ನಿಯಮಗಳು, 1945ರ ಶೆಡ್ಯೂಲ್ ಕೆ ವಿನಾಯಿತಿ ಕೊಡುತ್ತದೆ. ಅಂಗಡಿಯ ಲೈಸೆನ್ಸ್ ಬೇಕಿಲ್ಲ. ಆದರೆ ಅದು ನಿಮ್ಮದೇ ರೋಗಿಗಳಿಗೆ ಮಾತ್ರ. ಚೀಟಿ ಹಿಡಿದು ಬಂದ ಹೊರಗಿನವರಿಗೆ ಮಾರಿದರೆ ವಿನಾಯಿತಿ ಹೋಯಿತು. ಲೈಸೆನ್ಸ್ ಇರುವ ವಿತರಕರಿಂದ ಕೊಂಡ ಬಿಲ್ಲು ಇಲ್ಲದ ಔಷಧಿ ಕಪಾಟಿನಲ್ಲಿ ಇರಕೂಡದು.

ಹಂತ 3: ಹೊಸ್ತಿಲಲ್ಲಿ ಕಾಣಬೇಕಾದದ್ದು

ಕೆಪಿಎಂಇ ನೋಂದಣಿ ಸಂಖ್ಯೆ, ಸಂಸ್ಥೆಯ ಹೆಸರು, ಮಾಲೀಕರ ಹೆಸರು ಎದ್ದು ಕಾಣಬೇಕು. ನಕಲಿ ವೈದ್ಯರ ಹಾವಳಿ ತಡೆಯಲು 2024ರಲ್ಲಿ ಆರೋಗ್ಯ ಇಲಾಖೆ ಫಲಕಕ್ಕೆ ಬಣ್ಣವನ್ನೂ ಗೊತ್ತುಮಾಡಿತು: ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ಅದೇ ವರ್ಷದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಹೊಸ ಬೋರ್ಡ್ ಬರೆಸುವಾಗ ಎರಡನ್ನೂ ಒಟ್ಟಿಗೇ ಮುಗಿಸಿದರೆ ಖರ್ಚು ಉಳಿಯುತ್ತದೆ.

ಒಳಗೆ, ರೋಗಿ ಕೂರುವ ಕಡೆ ದರಪಟ್ಟಿ ಇರಲಿ: ಸಮಾಲೋಚನೆ, ಇಂಜೆಕ್ಷನ್, ಡ್ರೆಸ್ಸಿಂಗ್, ಹೊಲಿಗೆ, ಇಸಿಜಿ, ನೆಬ್ಯುಲೈಸೇಷನ್. "ವೈದ್ಯರನ್ನು ಕೇಳಿ" ಎಂಬ ಸಾಲು ದರಪಟ್ಟಿ ಆಗುವುದಿಲ್ಲ. ಜೊತೆಗೆ ಕಾಯ್ದೆಯ ರೋಗಿಗಳ ಹಕ್ಕುಗಳ ಸನ್ನದು, ದೂರು ಕೊಡಬೇಕಾದ ಕಚೇರಿಯ ವಿವರ ಇರಲಿ, ಎರಡೂ ಕನ್ನಡದಲ್ಲಿ, ನಿಂತು ಓದುವಷ್ಟು ದೊಡ್ಡ ಅಕ್ಷರದಲ್ಲಿ. ಬಾಗಿಲ ಹಿಂದೆ, ಕ್ಯಾಲೆಂಡರ್ ಅಡಿಯಲ್ಲಿ ಅಂಟಿಸಿದ್ದು ಲೆಕ್ಕಕ್ಕಿಲ್ಲ.

ಮೆಟ್ಟಿಲಿದ್ದರೆ ಇಳಿಜಾರು ಹಲಗೆ, ಇಲ್ಲವೇ ಕನಿಷ್ಠ ಹಿಡಿಕೆ. ಪರೀಕ್ಷಿಸುವ ಮಂಚಕ್ಕೆ ಪರದೆ. ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಮಹಿಳಾ ಸಿಬ್ಬಂದಿ ಜೊತೆಗಿರಬೇಕು. ಆ ದಿನ ಸಿಸ್ಟರ್ ರಜೆಯಲ್ಲಿದ್ದರೆ ಏನು ಮಾಡುತ್ತೀರಿ ಎಂಬುದಕ್ಕೂ ನಿಮ್ಮಲ್ಲಿ ಉತ್ತರ ಇರಲಿ.

ಹಂತ 4: ತುರ್ತು ಟ್ರೇ

ಕೆಪಿಎಂಇ ಕಾಯ್ದೆಯ ಪ್ರಕಾರ ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣ ಕೇಳದೆ ಪ್ರಥಮ ಚಿಕಿತ್ಸೆ ಕೊಡಲೇಬೇಕು. ಇಂಜೆಕ್ಷನ್ ಕೊಡುವ ಯಾವುದೇ ಕ್ಲಿನಿಕ್‌ನಲ್ಲಿ ಯಾವ ದಿನವಾದರೂ ಅನಾಫಿಲಾಕ್ಸಿಸ್ (ಔಷಧಿ ಅಥವಾ ಲಸಿಕೆಗೆ ಪ್ರಾಣಕ್ಕೇ ಅಪಾಯ ತರುವ ತೀವ್ರ ಅಲರ್ಜಿ) ಆಗಬಹುದು. ಈ ಟ್ರೇ ಮುಖ್ಯವಾಗುವುದು ಅಂಥ ದಿನಕ್ಕಾಗಿ.

ಟ್ರೇಯಲ್ಲಿ ಇರಬೇಕಾದವು: ಅಡ್ರಿನಲಿನ್ 1 ಮಿ.ಗ್ರಾಂ/1 ಮಿ.ಲೀ.ನ ಕನಿಷ್ಠ 5 ಆಂಪ್ಯೂಲ್, ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ, ಫೆನಿರಮಿನ್, ಶೇ 25ರ ಡೆಕ್ಸ್‌ಟ್ರೋಸ್, ನಾರ್ಮಲ್ ಸಲೈನ್ 500 ಮಿ.ಲೀ., ಆಸ್ಪಿರಿನ್ 325 ಮಿ.ಗ್ರಾಂ, ನಾಲಿಗೆಯಡಿ ಇಡುವ ಐಸೋಸಾರ್ಬೈಡ್ 5 ಮಿ.ಗ್ರಾಂ, ಸಾಲ್ಬುಟಮಾಲ್ ರೆಸ್ಪ್ಯೂಲ್, ಮೂಗಿಗೆ ಬಿಡುವ ಮಿಡಜೋಲಮ್ ಸ್ಪ್ರೇ. ಇದರೊಂದಿಗೆ ನೆಬ್ಯುಲೈಸರ್, ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ದೊಡ್ಡವರಿಗೂ ಮಗುವಿಗೂ ಹೊಂದುವ ಮಾಸ್ಕ್, ಏರ್‌ವೇ, ಐವಿ ಕ್ಯಾನುಲಾ, 1 ಮಿ.ಲೀ. ಸಿರಿಂಜ್‌ಗಳು.

ಅಡ್ರಿನಲಿನ್ ಪ್ರಮಾಣವನ್ನು ಟ್ರೇಯ ಮುಚ್ಚಳದ ಒಳಗೆ ಬರೆದು ಅಂಟಿಸಿ: ದೊಡ್ಡವರಿಗೆ 0.5 ಮಿ.ಲೀ., ಮಕ್ಕಳಿಗೆ ಕಿಲೋ ತೂಕಕ್ಕೆ 0.01 ಮಿ.ಲೀ., ತೊಡೆಯ ಹೊರಭಾಗದ ಮಧ್ಯದ ಸ್ನಾಯುವಿಗೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ಅಡ್ರಿನಲಿನ್ ಬಿಟ್ಟು ಮೊದಲು ಹೈಡ್ರೊಕಾರ್ಟಿಸೋನ್, ಫೆನಿರಮಿನ್ ಕೊಡುವ ರೂಢಿ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅವೆರಡೂ ನಿಧಾನಕ್ಕೆ ಕೆಲಸ ಮಾಡುತ್ತವೆ. ಜೀವ ಉಳಿಸುವುದು ಅಡ್ರಿನಲಿನ್.

ಆಕ್ಸಿಜನ್ ಸಿಲಿಂಡರ್ ಬಿ ಟೈಪ್ ಆದರೆ ಪೂರ್ತಿ ತುಂಬಿದಾಗ ಸುಮಾರು 1500 ಲೀಟರ್ ಹಿಡಿಯುತ್ತದೆ. ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಎರಡೂವರೆ ಗಂಟೆ, 108 ಬರುವವರೆಗೆ ಧಾರಾಳ. ಎಡವಟ್ಟಾಗುವುದು ಸಿಲಿಂಡರಿನ ಕೀಲಿಯಲ್ಲಿ. ಕೀಲಿ ಎಲ್ಲೋ ಡ್ರಾಯರ್‌ನಲ್ಲಿ ಇರುತ್ತದೆ. ಹುಡುಕುವ ಹೊತ್ತಿಗೆ ರೋಗಿಯ ತುಟಿ ನೀಲಿಗಟ್ಟಿರುತ್ತದೆ. ಕೀಲಿಯನ್ನು ದಾರ ಕಟ್ಟಿ ಸಿಲಿಂಡರಿಗೇ ತೂಗುಹಾಕಿ. ವಾರಕ್ಕೊಮ್ಮೆ ತೆರೆದು ಮೀಟರಿನ ಒತ್ತಡ ನೋಡಿ ಬರೆದಿಡಿ.

ಟ್ರೇಗೆ ಒಂದು ತಿಂಗಳ ಹಾಳೆ ಮಾಡಿ: ಔಷಧಿ, ಸಂಖ್ಯೆ, ಅವಧಿ ಮುಗಿಯುವ ತಿಂಗಳು. ಪ್ರತಿ ತಿಂಗಳ 1ನೇ ತಾರೀಕು ಪರೀಕ್ಷಿಸಿ ಸಹಿ ಮಾಡಿ. ಮುಂದಿನ ಮೂರು ತಿಂಗಳಲ್ಲಿ ಮುಗಿಯುವುದಕ್ಕೆ ಕೆಂಪು ಗುರುತು ಹಾಕಿ.

ಕಂಪನಿ ಪ್ರತಿನಿಧಿಗಳು ಕೊಟ್ಟ ಸ್ಯಾಂಪಲ್ ಔಷಧಿಗಳ ಡ್ರಾಯರನ್ನೂ ಅದೇ ದಿನ ಖಾಲಿ ಮಾಡಿ ನೋಡಿ. ಅವಧಿ ಮೀರಿದ ಔಷಧಿ ಅತಿ ಹೆಚ್ಚು ಸಿಗುವ ಜಾಗ ಅದು. ಅವುಗಳಿಗೆ ಹಣ ಪಡೆಯುವಂತಿಲ್ಲ ಎಂಬುದನ್ನೂ ಮರೆಯಬೇಡಿ.

ಹಂತ 5: ಲಸಿಕೆ ಇಡುವ ಫ್ರಿಜ್

ಲಸಿಕೆ, ಇನ್ಸುಲಿನ್ ಇಡುವವರಿಗೆ ಮಾತ್ರ ಈ ಹಂತ. ಉಷ್ಣಾಂಶ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಫ್ರಿಜ್ಜಿನ ನಾಬ್ "3"ರಲ್ಲಿದೆ ಎಂಬುದು ಉಷ್ಣಾಂಶ ಅಲ್ಲ. ಒಳಗೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಇಟ್ಟು, ಬೆಳಿಗ್ಗೆ ತೆರೆದಾಗ ಮತ್ತು ರಾತ್ರಿ ಮುಚ್ಚುವಾಗ ಬರೆಯಿರಿ.

ಬಾಗಿಲ ಗೂಡಿನಲ್ಲಿ ಲಸಿಕೆ ಇಡಬೇಡಿ, ತೆರೆದಾಗಲೆಲ್ಲ ಬಿಸಿಯಾಗುತ್ತದೆ. ಹಿಂಗೋಡೆಗೆ, ಫ್ರೀಜರಿನ ಕೆಳಗೆ ತಾಗಿಸಿಯೂ ಇಡಬೇಡಿ, ಹೆಪ್ಪುಗಟ್ಟುತ್ತದೆ. ಲಸಿಕೆ ಕೆಡುವುದು ಬಿಸಿಯಿಂದ ಮಾತ್ರ ಎಂಬ ಭಾವನೆ ಸಾಮಾನ್ಯ. ಆದರೆ ಹೆಪಟೈಟಿಸ್ ಬಿ, ಪೆಂಟಾವಲೆಂಟ್, ಡಿಪಿಟಿ, ಟಿಡಿ ಇವೆಲ್ಲ ಒಮ್ಮೆ ಹೆಪ್ಪುಗಟ್ಟಿದರೆ ಶಾಶ್ವತವಾಗಿ ಕೆಟ್ಟವು. ಕರಗಿದ ಮೇಲೆ ನೋಡಲು ಹೆಚ್ಚುಕಮ್ಮಿ ಮೊದಲಿನಂತೆಯೇ ಇರುತ್ತವೆ, ಮೋಸ ಆಗುವುದು ಅಲ್ಲೇ. ಥರ್ಮಾಮೀಟರ್ ಸೊನ್ನೆಗಿಂತ ಕೆಳಗೆ ತೋರಿಸಿದ್ದರೆ ಆ ವಯಲ್‌ಗಳನ್ನು ಪ್ರತ್ಯೇಕಿಸಿ "ಬಳಸಬೇಡಿ" ಎಂದು ಬರೆದು, ಶೇಕ್ ಟೆಸ್ಟ್ ಮಾಡಿ: ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಸಂಶಯದ ವಯಲ್ ಜೊತೆಗೆ ಕುಲುಕಿ ಪಕ್ಕಪಕ್ಕ ಇಡಿ. ಎರಡರಲ್ಲೂ ಗಸಿ ಒಂದೇ ವೇಗದಲ್ಲಿ ತಳ ಸೇರಿದರೆ ಎಸೆಯಬೇಕು.

ಹಲವು ಡೋಸ್‌ಗಳ ವಯಲ್ ತೆರೆದ ಕೂಡಲೇ ದಿನಾಂಕ, ಸಮಯ ಬರೆಯಿರಿ. ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ ಡಿಪಿಟಿ, ಹೆಪಟೈಟಿಸ್ ಬಿ, ಪೆಂಟಾವಲೆಂಟ್ ಮುಂತಾದವನ್ನು ಸರಿಯಾಗಿ ಇಟ್ಟರೆ 28 ದಿನ ಬಳಸಬಹುದು. ದ್ರಾವಣ ಬೆರೆಸುವ ಬಿಸಿಜಿ, ಎಂಆರ್‌ಗೆ 4 ಗಂಟೆ ಮಾತ್ರ. ಚರ್ಮದೊಳಕ್ಕೆ ಕೊಡಲು ಬೆರೆಸಿದ ರೇಬೀಸ್ ಲಸಿಕೆಯನ್ನು 6ರಿಂದ 8 ಗಂಟೆಯೊಳಗೆ ಮುಗಿಸಬೇಕು. ಲಿಗ್ನೊಕೇನ್ ವಯಲ್‌ಗೂ ತೆರೆದ ದಿನಾಂಕ ಬೇಕು. ದಿನಾಂಕವೇ ಇಲ್ಲದ ಅರೆಬರೆ ವಯಲ್ ಸಿಕ್ಕರೆ ಅದಕ್ಕೆ ಸಮರ್ಥನೆ ಇಲ್ಲ.

ಈ ಫ್ರಿಜ್ಜಿನಲ್ಲಿ ಊಟದ ಡಬ್ಬಿ, ಹಾಲು, ರಕ್ತದ ಮಾದರಿ ಯಾವುದೂ ಇರಕೂಡದು. ಕರೆಂಟ್ ಹೋದರೆ ಬಾಗಿಲು ತೆರೆಯಬಾರದು ಎಂಬ ಚೀಟಿಯನ್ನು ಬಾಗಿಲ ಮೇಲೆ, ಪ್ಲಗ್ ತೆಗೆಯಬಾರದು ಎಂಬ ಚೀಟಿಯನ್ನು ಪ್ಲಗ್ ಪಕ್ಕದಲ್ಲಿ ಅಂಟಿಸಿ. ಮೊಬೈಲ್ ಚಾರ್ಜ್ ಮಾಡಲು ಪ್ಲಗ್ ಕಿತ್ತು ಮರೆತುಹೋಗುವುದು ನಿಜಕ್ಕೂ ನಡೆಯುವ ಸಂಗತಿ.

ಹಂತ 6: ಉಪಕರಣಗಳ ಶುದ್ಧಿ

ಹೊಲಿಗೆ, ಡ್ರೆಸ್ಸಿಂಗ್ ಮಾಡುವ ಕ್ಲಿನಿಕ್ ಆದರೆ ಆಟೋಕ್ಲೇವ್ ಬೇಕು. ನೀರಿನಲ್ಲಿ ಕುದಿಸುವುದು ಸ್ಟೆರಿಲೈಸೇಷನ್ ಅಲ್ಲ. ಬ್ಯಾಕ್ಟೀರಿಯಾದ ಸ್ಪೋರ್‌ಗಳು (ಗಟ್ಟಿ ಕವಚದ ಬೀಜರೂಪ) ಕುದಿಯುವ ನೀರಲ್ಲೂ ಬದುಕುತ್ತವೆ. ಯುವಿ ಪೆಟ್ಟಿಗೆಯೂ ಅಷ್ಟೆ, ಶುದ್ಧಗೊಳಿಸಿದ್ದನ್ನು ಇಡಲು ಬಳಸಬಹುದೇ ಹೊರತು ಶುದ್ಧಗೊಳಿಸಲು ಅಲ್ಲ.

ಕ್ರಮ ಹೀಗಿದೆ. ಉಪಕರಣವನ್ನು ಬಳಸಿದ ಕೂಡಲೇ ಡಿಟರ್ಜೆಂಟ್ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಕತ್ತರಿ, ಆರ್ಟರಿ ಫೋರ್ಸೆಪ್ಸ್‌ಗಳ ಕೀಲನ್ನು ಬಿಚ್ಚಿಟ್ಟೇ ಸುತ್ತಬೇಕು. ಮುಚ್ಚಿಟ್ಟರೆ ಒಳಗೆ ಹಬೆ ತಾಗುವುದಿಲ್ಲ. 121 ಡಿಗ್ರಿ, 15 ಪಿಎಸ್‌ಐ ಒತ್ತಡದಲ್ಲಿ, ಬಟ್ಟೆ ಸುತ್ತಿದ ಪೊಟ್ಟಣಕ್ಕೆ 30 ನಿಮಿಷ. ಒತ್ತಡ ಮುಟ್ಟಿದ ಮೇಲೆ ಸಮಯ ಎಣಿಸಬೇಕು, ಸ್ವಿಚ್ ಹಾಕಿದಾಗಿನಿಂದ ಅಲ್ಲ. ಒಳಗಿನ ಗಾಳಿ ಪೂರ್ತಿ ಹೊರಹೋಗುವವರೆಗೆ ವಾಲ್ವ್ ತೆರೆದಿರಬೇಕು. ಇಲ್ಲವಾದರೆ ಒತ್ತಡ 15 ತೋರಿಸಿದರೂ ಉಷ್ಣಾಂಶ 121 ಮುಟ್ಟಿರುವುದಿಲ್ಲ.

ಪೊಟ್ಟಣದ ಹೊರಗೆ ಬಣ್ಣ ಬದಲಿಸುವ ಟೇಪ್, ಒಳಗೆ ಕೆಮಿಕಲ್ ಇಂಡಿಕೇಟರ್ ಪಟ್ಟಿ ಎರಡೂ ಇರಲಿ. ಹೊರಗಿನ ಟೇಪ್ ಹೇಳುವುದು "ಇದು ಆಟೋಕ್ಲೇವ್ ಒಳಗೆ ಹೋಗಿತ್ತು" ಎಂದಷ್ಟೇ. ದಿನಾಂಕ, ಲೋಡ್ ಸಂಖ್ಯೆ, ಮಾಡಿದವರ ಸಹಿ ರಿಜಿಸ್ಟರ್‌ನಲ್ಲಿ ಇರಲಿ.

ಕೈ ತೊಳೆಯುವ ಬೇಸಿನ್‌ನಲ್ಲಿ ಹರಿಯುವ ನೀರು, ಸೋಪು, ಒರೆಸಲು ಬಿಸಾಡುವ ಕಾಗದ ಇರಬೇಕು. ಎಲ್ಲರೂ ಒರೆಸುವ ಒಂದೇ ಟವೆಲ್ ತೂಗುತ್ತಿದ್ದರೆ ತೆಗೆದುಬಿಡಿ.

ಹಂತ 7: ತ್ಯಾಜ್ಯ

ತಪಾಸಣೆಯಲ್ಲಿ ಅತಿ ಹೆಚ್ಚು ಟಿಪ್ಪಣಿ ಬರುವುದು ಇಲ್ಲಿ, ಯಾಕೆಂದರೆ ಇದನ್ನು ಕಣ್ಣಿನಿಂದಲೇ ಪತ್ತೆಹಚ್ಚಬಹುದು. ಮುಚ್ಚಳ ಎತ್ತಿದರೆ ಸಾಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸಾಮಾನ್ಯ ಕ್ಲಿನಿಕ್‌ಗೆ ಬೇಕಾದ ವಿಂಗಡಣೆ:

- ಹಳದಿ: ರಕ್ತ, ಕೀವು ತಾಗಿದ ಹತ್ತಿ, ಬ್ಯಾಂಡೇಜ್, ಅವಧಿ ಮೀರಿದ ಔಷಧಿ (ಪ್ರತ್ಯೇಕ ಹಳದಿ ಚೀಲದಲ್ಲಿ)
- ಕೆಂಪು: ಸೂಜಿ ತೆಗೆದ ಸಿರಿಂಜ್, ಐವಿ ಟ್ಯೂಬ್, ಗ್ಲೌಸ್, ಕ್ಯಾತಿಟರ್
- ಬಿಳಿ, ತೂತಾಗದ ಪಾರದರ್ಶಕ ಡಬ್ಬ: ಸೂಜಿ, ಬ್ಲೇಡ್, ಲ್ಯಾನ್ಸೆಟ್
- ನೀಲಿ: ಗಾಜಿನ ಆಂಪ್ಯೂಲ್, ವಯಲ್

ಸಿರಿಂಜಿನ ಹೊದಿಕೆ, ಔಷಧಿಯ ರಟ್ಟಿನ ಪೆಟ್ಟಿಗೆ, ಟೀ ಕಪ್ ಇವೆಲ್ಲ ಸಾಮಾನ್ಯ ಕಸ. ಇವನ್ನು ಹಳದಿಗೆ ಹಾಕಿದರೆ ಸುಡುವ ಪ್ಲಾಸ್ಟಿಕ್ ಹೆಚ್ಚಾಗುತ್ತದೆ. ರಕ್ತದ ಹತ್ತಿ ಸಾಮಾನ್ಯ ಕಸಕ್ಕೆ ಬಿದ್ದರೆ ಅದು ಪೌರಕಾರ್ಮಿಕರ ಬರಿಗೈಗೆ ತಾಗುತ್ತದೆ. ಈ ಎರಡನೆಯದು ಮಾತ್ರ ಯಾವ ಕಾರಣಕ್ಕೂ ಆಗಬಾರದು.

ಸೂಜಿಗೆ ಮತ್ತೆ ಕ್ಯಾಪ್ ಹಾಕುವ ಅಭ್ಯಾಸವನ್ನು ನಿಲ್ಲಿಸಿ, ಚುಚ್ಚಿಕೊಳ್ಳುವುದು ಹೆಚ್ಚಾಗಿ ಆಗಲೇ. ಸೂಜಿ ಕತ್ತರಿಸುವ ಯಂತ್ರ ಇಂಜೆಕ್ಷನ್ ಕೊಡುವ ಮೇಜಿನ ಮೇಲೆ, ಕೈಗೆಟುಕುವಲ್ಲಿ ಇರಬೇಕು. ಒಳಕೋಣೆಯಲ್ಲಿದ್ದರೆ ಸೂಜಿ ಅಲ್ಲಿಯವರೆಗೆ ನಡೆದುಹೋಗಬೇಕಾಗುತ್ತದೆ. ಬಿಳಿ ಡಬ್ಬ ಮುಕ್ಕಾಲು ತುಂಬಿದಾಗ ಮುಚ್ಚಿ.

ಒಯ್ಯುವ ದಿನಗಳ ಲೆಕ್ಕ ಗಮನಿಸಿ. ರಕ್ತ ತಾಗಿದ ಹಳದಿ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಶನಿವಾರ ಗಾಡಿ ಬಂದು, ಭಾನುವಾರ ರಜೆ, ಸೋಮವಾರ ತಪ್ಪಿತು ಎಂದರೆ ಅವಧಿ ಮೀರಿತು. ಗಾಡಿ ಬರದ ದಿನ ಘಟಕಕ್ಕೆ ಸಂದೇಶ ಕಳಿಸಿ, ಅದರ ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಿ. ತಪ್ಪು ನಿಮ್ಮದಲ್ಲ ಎಂದು ತೋರಿಸಲು ಬೇರೆ ದಾಖಲೆ ಇರುವುದಿಲ್ಲ. ಚೀಲಗಳ ಮೇಲೆ ಬಾರ್‌ಕೋಡ್ ಅಂಟಿಸಿ ತೂಕವನ್ನು ಬಣ್ಣವಾರು ರಿಜಿಸ್ಟರ್‌ನಲ್ಲಿ ಬರೆಯಿರಿ. ಈ ದಾಖಲೆಗಳನ್ನು 5 ವರ್ಷ ಉಳಿಸಬೇಕು. ಹಿಂದಿನ ವರ್ಷದ ವಾರ್ಷಿಕ ವರದಿಯನ್ನು ಫಾರಂ 4ರಲ್ಲಿ ಪ್ರತಿ ವರ್ಷ ಜೂನ್ 30ರೊಳಗೆ ಮಂಡಳಿಗೆ ಸಲ್ಲಿಸಬೇಕು. ಸಣ್ಣ ಕ್ಲಿನಿಕ್‌ಗಳು ಅತಿ ಹೆಚ್ಚು ಮರೆಯುವುದು ಇದನ್ನೇ.

ನೆಲದ ಮೇಲೆ ರಕ್ತ ಚೆಲ್ಲಿದರೆ ಬೇಕಾಗುವ ಸಾಮಾನು ಒಂದು ಬಕೆಟ್‌ನಲ್ಲಿ ಸಿದ್ಧವಿರಲಿ: ಗ್ಲೌಸ್, ಹಳೆ ಪತ್ರಿಕೆ ಅಥವಾ ಹತ್ತಿ, ಹಳದಿ ಚೀಲ, ಶೇ 1ರ ಹೈಪೊಕ್ಲೋರೈಟ್ ದ್ರಾವಣ. ಅಂಗಡಿಯಲ್ಲಿ ಸಿಗುವ ದ್ರಾವಣ ಶೇ 5ರದ್ದಾದರೆ ಒಂದು ಭಾಗಕ್ಕೆ ನಾಲ್ಕು ಭಾಗ ನೀರು. ಶೇ 4ರದ್ದಾದರೆ ಮೂರು ಭಾಗ ನೀರು. ಪ್ರತಿ ದಿನ ಹೊಸದಾಗಿ ಮಾಡಬೇಕು. ನಿನ್ನೆಯ ದ್ರಾವಣದಲ್ಲಿ ವಾಸನೆ ಉಳಿದಿದ್ದರೂ ಶಕ್ತಿ ಕುಂದಿರುತ್ತದೆ. ಹೈಪೊಕ್ಲೋರೈಟನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಹಂತ 8: ಅಳೆಯುವ ಸಾಧನಗಳು

ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿ. ಎಲೆಕ್ಟ್ರಾನಿಕ್ ಯಂತ್ರವಾದರೆ ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು. ಮಗುವಿನ ಔಷಧಿ ಪ್ರಮಾಣ ತೂಕದ ಮೇಲೆ ನಿಂತಿರುವಾಗ ಇದು ಬರೀ ಕಾಗದದ ಮಾತಲ್ಲ.

ಬಿಪಿ ಯಂತ್ರವನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡಿಸಿ (ಪ್ರಮಾಣಿತ ಯಂತ್ರದೊಂದಿಗೆ ಹೋಲಿಸಿ ಸರಿಪಡಿಸುವುದು), ಸ್ಟಿಕ್ಕರ್ ಅಂಟಿಸಿ. ಕಫ್ ಮೂರು ಅಳತೆಯಲ್ಲಿ ಇರಲಿ: ಮಗು, ಸಾಮಾನ್ಯ, ದಪ್ಪ ತೋಳು. ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುತ್ತದೆ. ಗ್ಲೂಕೋಮೀಟರ್ ಪಟ್ಟಿಯ ಡಬ್ಬ ತೆರೆದ ದಿನಾಂಕ ಬರೆಯಿರಿ. ತೆರೆದ ಮೇಲೆ ಅವುಗಳ ಆಯುಸ್ಸು ಡಬ್ಬದ ಮೇಲಿನ ದಿನಾಂಕಕ್ಕಿಂತ ಕಡಿಮೆ.

ಹಂತ 9: ಬರವಣಿಗೆ ಮತ್ತು ವರದಿ

ಹೊರರೋಗಿಗಳ ರಿಜಿಸ್ಟರ್ ಅಥವಾ ಕಂಪ್ಯೂಟರ್ ದಾಖಲೆಯಲ್ಲಿ ಹೆಸರು, ವಯಸ್ಸು, ವಿಳಾಸ, ರೋಗ, ಚಿಕಿತ್ಸೆ ಇರಲಿ. ಚೀಟಿಯ ಮೇಲೆ ನಿಮ್ಮ ನೋಂದಣಿ ಸಂಖ್ಯೆ ಇರಬೇಕು. ಔಷಧಿಯ ಮೂಲ ಹೆಸರು ದೊಡ್ಡಕ್ಷರಗಳಲ್ಲಿ ಓದಲು ಬರುವಂತಿರಬೇಕು. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ ವೈದ್ಯಕೀಯ ನೀತಿಸಂಹಿತೆ, 2002. ನೀವು ಕೊಟ್ಟ ಪ್ರತಿ ವೈದ್ಯಕೀಯ ಪ್ರಮಾಣಪತ್ರಕ್ಕೂ ರಿಜಿಸ್ಟರ್‌ನಲ್ಲಿ ಒಂದು ಸಾಲು, ರೋಗಿಯ ಸಹಿ ಅಥವಾ ಹೆಬ್ಬೆಟ್ಟು ಇರಲಿ.

ಇನ್ನು, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳು. ಕ್ಷಯ 2012ರಿಂದ ಕಡ್ಡಾಯ, ನಿಕ್ಷಯ್ ಪೋರ್ಟಲ್‌ನಲ್ಲಿ. ಕರ್ನಾಟಕದಲ್ಲಿ ರೇಬೀಸ್ 2022ರ ಡಿಸೆಂಬರಿನಿಂದ, ಹಾವು ಕಡಿತ 2024ರ ಫೆಬ್ರುವರಿಯಿಂದ ಪಟ್ಟಿಯಲ್ಲಿವೆ. ಡೆಂಗಿಯನ್ನೂ ತಿಳಿಸಬೇಕು. "ದೊಡ್ಡಾಸ್ಪತ್ರೆಗೆ ಕಳಿಸಿದೆ, ಅವರು ಹೇಳಿರುತ್ತಾರೆ" ಎಂಬ ಉತ್ತರ ನಡೆಯುವುದಿಲ್ಲ.

18 ತುಂಬದ ಗರ್ಭಿಣಿ ಬಂದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮನೆಯವರು "ಮದುವೆಯಾಗಿದೆ ಡಾಕ್ಟ್ರೇ" ಎಂದರೂ ಇದು ಬದಲಾಗದು. ಚಿಕಿತ್ಸೆ ನಿಲ್ಲಿಸಬೇಡಿ, ತಿಳಿಸುವುದನ್ನೂ ಬಿಡಬೇಡಿ.

ಹಂತ 10: ಸಿಬ್ಬಂದಿ

ಪ್ರಶ್ನೆ ಕೇಳುವುದು ನಿಮ್ಮನ್ನಷ್ಟೇ ಅಲ್ಲ. ಕಸ ಗುಡಿಸುವವರನ್ನು "ಅಮ್ಮಾ, ಈ ಹತ್ತಿ ಯಾವ ಡಬ್ಬಕ್ಕೆ ಹಾಕ್ತೀರಿ?" ಎಂದು ಕೇಳಿದರೆ ನಿಮ್ಮ ಕ್ಲಿನಿಕ್ಕಿನ ನಿಜಸ್ಥಿತಿ ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಹದಿನೈದು ನಿಮಿಷ ಕೂತು, ಒಂದು ವಾರ ತ್ಯಾಜ್ಯ, ಮುಂದಿನ ವಾರ ಆಕ್ಸಿಜನ್ ತೆರೆಯುವುದು, ಆಮೇಲೆ ಬೆಂಕಿ ಆರಿಸುವುದು ಹೀಗೆ ಮಾಡಿಸಿ ನೋಡಿ. ದಿನಾಂಕ, ವಿಷಯ, ಹಾಜರಿದ್ದವರ ಸಹಿ ಒಂದು ಪುಸ್ತಕದಲ್ಲಿ ಇರಲಿ.

ಎಲ್ಲರಿಗೂ, ಗುಡಿಸುವವರಿಗೂ, ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ (0, 1, 6 ತಿಂಗಳು) ಮತ್ತು ಧನುರ್ವಾಯು ಲಸಿಕೆ ಆಗಿರಬೇಕು. ತ್ಯಾಜ್ಯ ನಿಯಮದಲ್ಲೇ ಇದು ಇದೆ. ಇದರ ಖರ್ಚು ಕ್ಲಿನಿಕ್ಕಿನದು, ಅವರ ಸಂಬಳದಿಂದ ಹಿಡಿಯುವಂಥದ್ದಲ್ಲ. ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು. ಎಚ್‌ಐವಿ ತಡೆ ಔಷಧಿ ಬೇಕಾದಲ್ಲಿ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು. ಅದು ಸಿಗುವ ಹತ್ತಿರದ ಸರ್ಕಾರಿ ಆಸ್ಪತ್ರೆಯ ಫೋನ್ ಸಂಖ್ಯೆ ಗೋಡೆಯ ಮೇಲಿರಲಿ.

ಹಂತ 11: ತಪಾಸಣೆಯ ದಿನ

ಬಂದವರ ಗುರುತಿನ ಚೀಟಿ ಕೇಳುವುದು ನಿಮ್ಮ ಹಕ್ಕು, ವಿನಯದಿಂದ ಕೇಳಿ. ಒಳಗೆ ರೋಗಿ ಇದ್ದರೆ ಅವರನ್ನು ಮುಗಿಸಿಯೇ ಏಳಿ. ಪರೀಕ್ಷೆ ನಡೆಯುವಾಗ ರೋಗಿಯ ಒಪ್ಪಿಗೆ ಇಲ್ಲದೆ ಯಾರೂ ಪರದೆಯೊಳಗೆ ಬರುವಂತಿಲ್ಲ. ಕೇಳಿದ್ದಕ್ಕೆ ಉತ್ತರಿಸಿ, ಗೊತ್ತಿಲ್ಲದಿದ್ದರೆ "ನೋಡಿ ಹೇಳುತ್ತೇನೆ" ಎನ್ನಿ.

ಹಿಂದಿನ ರಾತ್ರಿ ಕೂತು ಮೂರು ತಿಂಗಳ ಉಷ್ಣಾಂಶದ ಹಾಳೆಯನ್ನು ಒಂದೇ ಪೆನ್ನಿನಲ್ಲಿ ತುಂಬುವ ಕೆಲಸ ಮಾಡಬೇಡಿ. ಪ್ರತಿ ದಿನ 4 ಡಿಗ್ರಿ, ಭಾನುವಾರವೂ 4 ಡಿಗ್ರಿ ಎಂದಿದ್ದರೆ ಅನುಭವಿಗಳಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಖಾಲಿ ಹಾಳೆ ಒಂದು ಲೋಪ, ಸುಳ್ಳು ಹಾಳೆ ಅಪರಾಧ. ಎರಡು ವಾರದ್ದೇ ಇದ್ದರೂ ನಿಜವಾದದ್ದನ್ನು ತೋರಿಸಿ, ಯಾವಾಗ ಆರಂಭಿಸಿದಿರೆಂದು ಹೇಳಿ.

ಶುಲ್ಕ ಏನಿದ್ದರೂ ಪೋರ್ಟಲ್ ಮೂಲಕವೇ. ಯಾರ ಕೈಗೂ ನಗದು ಕೊಡಬೇಡಿ. ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡುವ ದಾರಿ ಇದೆ.

ಹೊರಡುವ ಮುನ್ನ ತಪಾಸಣಾ ವರದಿ ಅಥವಾ ಮಹಜರಿನ ಪ್ರತಿ ಕೇಳಿ, ಪೂರ್ತಿ ಓದಿಯೇ ಸಹಿ ಮಾಡಿ. ಒಪ್ಪಿಗೆ ಇಲ್ಲದ ಅಂಶವಿದ್ದರೆ ಸಹಿಯ ಪಕ್ಕದಲ್ಲೇ ಅದನ್ನು ಬರೆಯಿರಿ. ನ್ಯೂನತೆಗಳ ನೋಟಿಸ್ ಬಂದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಅಂಶವಾರು ಉತ್ತರ ಕೊಡಿ: ಏನು ಲೋಪ, ಏನು ಸರಿಪಡಿಸಿದಿರಿ, ಯಾವ ದಿನ, ಫೋಟೊ ಅಥವಾ ಬಿಲ್ಲಿನ ಪ್ರತಿ. "ಮುಂದೆ ಸರಿಪಡಿಸಲಾಗುವುದು" ಎಂಬ ಒಂದು ಸಾಲಿನ ಉತ್ತರಕ್ಕೆ ಮತ್ತೊಂದು ನೋಟಿಸ್ ಬರುತ್ತದೆ. ಉತ್ತರವನ್ನು ಪೋರ್ಟಲ್‌ನಲ್ಲೂ ಹಾಕಿ, ಡಿಎಚ್‌ಒ ಕಚೇರಿಯ ಟಪಾಲು ವಿಭಾಗದಲ್ಲೂ ಕೊಟ್ಟು, ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡು ಅದೇ ಬಾಕ್ಸ್ ಫೈಲಿಗೆ ಸೇರಿಸಿ.